ಮದುವೆ ಕಾರಿಗೆ ಹಿಡಿದ ಅಂಟು

ದಾವಣಗೆರೆಯಲ್ಲಿ ಮಾಮನ ಮಗನ ಮದುವೆ ಏಪ್ರಿಲ್ ಕೊನೆಯಲ್ಲಿ ಆಯಿತು. ಮದುಮಕ್ಕಳನ್ನು ಕಲ್ಯಾಣ ಮಂಟಪದಿಂದ ಮನೆಗೆ ಕರೆತಂದದ್ದು ಮಾಮನದೇ ಕಡುಗೆಂಪು ಸ್ವಿಫ್ಟ್. ಸಿಂಗಾರಕ್ಕೆ ಬಂದ ಹುಡುಗರು ಬಾನೆಟ್ಟಿನ ನಡುವೆ ದೊಡ್ಡ ಬೊಕೆಯನ್ನು ಸ್ಪಂಜಿನ ಡಬಲ್ ಸೈಡ್ ಟೇಪಿನಲ್ಲಿ ಕೂರಿಸಿದ್ದರು. ಬಾಗಿಲ ಮೇಲೆ ರಿಬ್ಬನ್ ನಿಲ್ಲಲು ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪು. ಹಿಂದಿನ ಗಾಜಿಗೆ ಹುಡುಗ ಹುಡುಗಿಯ ಹೆಸರಿನ ಸ್ಟಿಕ್ಕರ್. ಮರುದಿನ ಬಾಡಿದ ಹೂವನ್ನು ಯಾರೋ ಕಿತ್ತು ಹಾಕಿದರು, ಟೇಪು ಕಾರಿನ ಮೇಲೇ ಉಳಿಯಿತು. ಬೀಗರ ಊಟ, ದೇವರ ದರ್ಶನ, ಬಂದವರನ್ನು ಕಳಿಸಿಕೊಡುವುದು ಅಂತ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಮೇ ತಿಂಗಳ ಬಿಸಿಲು ಪೂರ್ತಿ ಆ ಬಾನೆಟ್ಟಿನ ಮೇಲೆ ಬಿತ್ತು.

ಜೂನ್ ಮೊದಲಲ್ಲಿ ನಾನು ಹೋದಾಗ ಕಾರಿನ ಹತ್ತಿರ ಬಗ್ಗಿ ನೋಡಿದೆ. ಕಂದು ಟೇಪಿನ ಮೇಲ್ಪದರ ಬಿಸಿಲಿಗೆ ಒಣಗಿ ಹಪ್ಪಳದ ಚೂರಾಗಿತ್ತು, ಉಗುರು ತಾಗಿಸಿದರೆ ಉದುರುತ್ತಿತ್ತು. ಅದರಡಿಯ ಅಂಟು ಮಾತ್ರ ಬಣ್ಣಕ್ಕೆ ಕಚ್ಚಿಕೊಂಡೇ ಇತ್ತು. ಬಾನೆಟ್ ಮೇಲೆ ಸ್ಪಂಜಿನ ಟೇಪು ಅರ್ಧಕ್ಕೆ ಹರಿದು, ಉಳಿದ ಅರ್ಧ ಕಪ್ಪಗೆ ಧೂಳು ತಿಂದು ಗಟ್ಟಿಯಾಗಿತ್ತು. ಒಂದು ಕಡೆ ಗುಲಾಬಿಯ ಎಸಳು, ಇನ್ನೊಂದು ಕಡೆ ಸತ್ತ ಇರುವೆಗಳ ಸಾಲು ಅದರಲ್ಲಿ ಸಿಕ್ಕಿಕೊಂಡಿದ್ದವು.

ಇಂಥ ಹೊತ್ತಿನಲ್ಲಿ ಸಲಹೆಗೆ ಬರವಿಲ್ಲ. ಪೆಟ್ರೋಲಿನಲ್ಲಿ ಒರೆಸು ಅಂದರು ಒಬ್ಬರು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಗೋ ಅಂದರು ಇನ್ನೊಬ್ಬರು. ಟೂತ್‌ಪೇಸ್ಟ್ ಹಚ್ಚು ಅಂದವರೂ ಇದ್ದರು. ಮಾಮನಿಗೆ ಪರಿಚಯದ ಪೇಂಟರ್ ಒಬ್ಬರು ಬಣ್ಣ ತೆಳು ಮಾಡುವ ಥಿನ್ನರಿನ ಡಬ್ಬಿ, ಬನಿಯನ್ ಬಟ್ಟೆ ಹಿಡಿದುಕೊಂಡೇ ಬಂದರು.

"ಎರಡು ನಿಮಿಷದ ಕೆಲಸ ಐತ್ರಿ ಇದು. ಒರೆಸಿ ಕೊಟ್ಟು ಹೋಗ್ತೀನಿ."

"ಅಣ್ಣಾ, ಥಿನ್ನರ್ ಬ್ಯಾಡ. ಒಂದೆರಡು ದಿನ ನನಗ ಬಿಡ್ರಿ, ನಾನs ತೆಗಿತೀನಿ" ಅಂದೆ. ಅವರಿಗೆ ಅಷ್ಟಾಗಿ ಇಷ್ಟವಾಗಲಿಲ್ಲ, ಆದರೆ ಒತ್ತಾಯ ಮಾಡಲಿಲ್ಲ.

ನಾನು ಬೇಡ ಅಂದದ್ದಕ್ಕೆ ಕಾರಣವಿತ್ತು. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಹೊಳಪು ಕೊಡುವ, ಬಿಸಿಲು ತಡೆಯುವ ಆ ಕ್ಲಿಯರ್ ಕೋಟ್ 40 ಮೈಕ್ರಾನಿನ ಆಸುಪಾಸು, ಸಾಮಾನ್ಯವಾಗಿ ತಲೆಕೂದಲಿಗಿಂತ ತೆಳು. ಸ್ಕ್ರಬ್ಬರಿನಲ್ಲಿ ಉಜ್ಜಿದರೆ ಅಂಟಿಗಿಂತ ಮೊದಲು ಹೋಗುವುದು ಅದು. ಥಿನ್ನರ್ ಆದರೆ ಇನ್ನೂ ಅಪಾಯ. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿಯಲ್ಲಿ ಬೇಯಿಸಿದ ಬಣ್ಣ ಅದನ್ನು ಸ್ವಲ್ಪ ಹೊತ್ತು ತಡೆದೀತು. ಕಾರು ಕೊಂಡ ಮೇಲೆ ಗ್ಯಾರೇಜಿನಲ್ಲಿ ಹೊಡೆಸಿದ ಬಣ್ಣ ತಡೆಯದು. ಮಾಮನ ಕಾರಿನ ಎಡಗಡೆಯ ಮುಂದಿನ ಬಾಗಿಲು ಹಿಂದೊಮ್ಮೆ ತಾಗಿಸಿಕೊಂಡು ಬಂದು ಮತ್ತೆ ಪೇಂಟ್ ಆದದ್ದು. ಟೇಪು ಅದರ ಮೇಲೂ ಇತ್ತು.

ಮರುದಿನ ಬಿಸಿಲೇರುವ ಮುಂಚೆ, ತಗಡು ತಣ್ಣಗಿರುವಾಗಲೇ ಶುರು ಮಾಡಿದೆ. ಮೊದಲ ಕೆಲಸ ಶಾಂಪೂ ಹಾಕಿ ಕಾರು ತೊಳೆಯುವುದು. ಇದನ್ನು ಬಿಡುವವರೇ ಹೆಚ್ಚು. ಅಂಟಿನ ಸುತ್ತಲಿನ ಧೂಳು ಹಾಗೇ ಇದ್ದರೆ ಆಮೇಲೆ ಎಷ್ಟೇ ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೂ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಕಡುಗೆಂಪಿನಂಥ ಬಣ್ಣದ ಮೇಲೆ ಆ ಗೀರು ಸಂಜೆಬಿಸಿಲಿಗೆ ಎದ್ದು ಕಾಣುತ್ತದೆ.

ಅತ್ತಿಗೆಯ ಹೇರ್ ಡ್ರೈಯರ್ ಇಸಿದುಕೊಂಡು ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಬಾನೆಟ್ಟಿನ ಸ್ಪಂಜ್ ಟೇಪಿಗೆ ಗೇಣು ದೂರದಿಂದ ಬಿಸಿ ಹಿಡಿದೆ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಲೇ ಇರಬೇಕು. ಅಂಗೈ ಹಿಂಭಾಗ ತಾಗಿಸಿದರೆ ಬಿಸಿ ತಡೆದುಕೊಳ್ಳುವಷ್ಟಿದ್ದರೆ ಸಾಕು. ಗ್ಯಾರೇಜಿನ ಹೀಟ್ ಗನ್ 500 ಡಿಗ್ರಿ ದಾಟುತ್ತದೆ, ಬಣ್ಣ ಗುಳ್ಳೆ ಏಳಲು ಅದು ಧಾರಾಳ ಸಾಕು. ಟೇಪು ಮೆತ್ತಗಾದ ಮೇಲೆ ಮೀನು ಗಾಳದ ನೈಲಾನ್ ದಾರವನ್ನು ಎರಡೂ ಕೈಗೆ ಸುತ್ತಿಕೊಂಡು, ಸ್ಪಂಜಿನ ಅಡಿಗೆ ಹೊಗಿಸಿ, ಗರಗಸದ ಹಾಗೆ ಆಚೀಚೆ ಎಳೆಯುತ್ತ ಬಂದೆ. ಸ್ಪಂಜು ಉದ್ದಕ್ಕೂ ಸೀಳಿ ಬಂತು. ದಾರ ಬಣ್ಣಕ್ಕೆ ಏನೂ ಮಾಡುವುದಿಲ್ಲ. ಬ್ಲೇಡ್ ಆಗಿದ್ದರೆ ಅಷ್ಟು ಧೈರ್ಯವಾಗಿ ಕೈ ಆಡಿಸಲು ಆಗುತ್ತಿರಲಿಲ್ಲ.

ಉಳಿದದ್ದು ತೆಳು ಅಂಟು. ನಿಜವಾದ ಕೆಲಸ ಅದರದ್ದೇ. ಹಲಸಿನ ಹಣ್ಣು ಬಿಡಿಸಿದ ಕೈಯ ಮೇಣ ನೀರಿಗೆ, ಸಾಬೂನಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಟೇಪಿನ ಅಂಟಿನ ಸ್ವಭಾವವೂ ಅದೇ. ಅಂಗಡಿಯಲ್ಲಿ ಇದಕ್ಕೆಂದೇ ಸ್ಪ್ರೇ, ರಿಮೂವರ್ ಸಿಗುತ್ತವೆ, ಒಳ್ಳೆಯವೂ ಹೌದು. ನಮ್ಮ ಮನೆಗಳಲ್ಲಿ ಊಟಿಗೆ ಹೋದವರು ತಂದಿಟ್ಟ ನೀಲಗಿರಿ ಎಣ್ಣೆಯ ಬಾಟಲಿ ಹೇಗೂ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸಿನಿಯೋಲ್ ಎಂಬ ದ್ರವ. ಅಂಟನ್ನು ಅದು ಚೆನ್ನಾಗಿ ನೆನೆಸುತ್ತದೆ. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಗೆ ಒಂದು ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದೆ. ಬಟ್ಟೆಗೆ ಬಣ್ಣ ಹತ್ತಲಿಲ್ಲ, ಹೊಳಪೂ ಮಾಸಲಿಲ್ಲ. ಆಮೇಲೆಯೇ ಬಾನೆಟ್ಟಿಗೆ ಹೋದದ್ದು. ಡ್ರೈಯರನ್ನು ಅಷ್ಟರಲ್ಲೇ ಪ್ಲಗ್ ಕಿತ್ತು ಒಳಗೆ ಕಳಿಸಿದ್ದೆ, ಯಾಕೆಂದರೆ ಈ ಎಣ್ಣೆ ಬೇಗ ಹೊತ್ತಿಕೊಳ್ಳುವಂಥದ್ದು.

ಬಟ್ಟೆಯ ಸಣ್ಣ ತುಂಡನ್ನು ಎಣ್ಣೆಯಲ್ಲಿ ಅದ್ದಿ ಅಂಟಿನ ಮೇಲೆ ಹಾಸಿ ಬಿಟ್ಟೆ. ಉಜ್ಜಲಿಲ್ಲ. ಅತ್ತೆ ಕೊಟ್ಟ ಚಹಾ ಕುಡಿದು ಬಂದು ಬಟ್ಟೆಯ ಅಂಚು ಎತ್ತಿ ನೋಡಿದರೆ, ಹಳದಿಯಾಗಿದ್ದ ಅಂಟು ಹಾಲಿನ ಬಣ್ಣಕ್ಕೆ ತಿರುಗಿ, ಊದಿ, ಅಂಚಿನಲ್ಲಿ ಸುರುಳಿ ಏಳುತ್ತಿತ್ತು. ಹಳೆಯ ಎಟಿಎಂ ಕಾರ್ಡಿಗೆ ಮೈಕ್ರೋಫೈಬರ್ ಬಟ್ಟೆ ಸುತ್ತಿ ಮಲಗಿಸಿ ಹಿಡಿದು ಒಂದೇ ದಿಕ್ಕಿಗೆ ತಳ್ಳಿದೆ. ಅಂಟು ಮಡಚಿಕೊಳ್ಳುತ್ತ ಬಂತು. ಬರದೇ ಉಳಿದ ಕಡೆ ಮತ್ತೆ ಅದ್ದಿದ ಬಟ್ಟೆ. ಜೋರು ಮಾಡಬೇಕು ಅನ್ನಿಸಿದಾಗಲೆಲ್ಲ ಇನ್ನಷ್ಟು ನೆನೆಯಲು ಬಿಡುವುದು, ಇಷ್ಟೇ ಇದರ ವಿದ್ಯೆ. ಬಟ್ಟೆಯ ಬದಿ ಮಾತ್ರ ಪದೇಪದೇ ಬದಲಿಸುತ್ತಿರಬೇಕು, ಇಲ್ಲದಿದ್ದರೆ ತೆಗೆದ ಅಂಟನ್ನೇ ಪಕ್ಕಕ್ಕೆ ಬಳಿದಂತಾಗುತ್ತದೆ.

ಮಾಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಅಳಿಯಾ, ಪೆಟ್ರೋಲಿಗೂ ಇದಕ್ಕೂ ಏನ್ ಫರಕ್? ಎರಡೂ ಎಣ್ಣೀನs ಅಲ್ಲೇನು?" ಅಂತ ಕೇಳಿದರು. ಪೆಟ್ರೋಲ್ ನೆನೆಸುವ ಮುಂಚೆ ಆರಿಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಸುರಿದು ಉಜ್ಜಬೇಕಾಗುತ್ತದೆ, ಅದರ ಆವಿ ನೆಲಮಟ್ಟದಲ್ಲಿ ಹರಡಿ ಎಲ್ಲೋ ಇರುವ ಕಿಡಿಗೆ ಹೊತ್ತಿಕೊಳ್ಳಬಹುದು, ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು ಅಂದೆ. ಮನೆಯ ಅಂಗಳದಲ್ಲಿ, ಮಕ್ಕಳು ಓಡಾಡುವ ಕಡೆ, ಬಕೆಟ್ಟಿನಲ್ಲಿ ಪೆಟ್ರೋಲ್ ಇಟ್ಟುಕೊಂಡು ಕಾರು ಒರೆಸುವುದನ್ನು ನಾನು ಕಂಡಿದ್ದೇನೆ. ಅದು ಬಣ್ಣಕ್ಕಿಂತ ದೊಡ್ಡ ವಿಷಯ.

ಎಡಬಾಗಿಲಿಗೆ ಬಂದಾಗ ಪರೀಕ್ಷೆಯ ಫಲ ಬೇರೆ ಆಯಿತು. ಬಾಗಿಲು ತೆರೆದು ಒಳ ಅಂಚಿನಲ್ಲಿ ಎಣ್ಣೆಯ ಹನಿ ಒರೆಸಿದರೆ ಬಿಳಿ ಬಟ್ಟೆಗೆ ತೆಳುವಾಗಿ ಕೆಂಪು ಹತ್ತಿತು. ಅಲ್ಲಿಗೆ ಆ ಬಾಟಲಿ ಮುಚ್ಚಿದೆ. ರಸ್ತೆಬದಿಯ ಗ್ಯಾರೇಜಿನಲ್ಲಿ ಬೇಯಿಸದೆ, ಬಿಸಿಲಿಗೆ ಒಣಗಿಸಿದ ಬಣ್ಣವಿರಬೇಕು. ಥಿನ್ನರ್ ಸೋಕಿದ್ದರೆ ಬಾಗಿಲು ಅಂದೇ ಹಾಳಾಗುತ್ತಿತ್ತು. ಇಂಥ ಬಣ್ಣದ ಮೇಲೆ ಟೇಪನ್ನು ಎಳೆದು ಕೀಳುವುದೂ ತಪ್ಪು, ಕೆಲವೊಮ್ಮೆ ಬಣ್ಣವೇ ಟೇಪಿನ ಜೊತೆ ಎದ್ದು ಬರುತ್ತದೆ. ಹಾಗಾಗಿ ಅಲ್ಲಿ ಕೊಬ್ಬರಿ ಎಣ್ಣೆ. ರಾತ್ರಿ ದಪ್ಪಗೆ ಹಚ್ಚಿ ಮಲಗಿ, ಬೆಳಿಗ್ಗೆ ಬೆಚ್ಚನೆಯ ಶಾಂಪೂ ನೀರಿನಲ್ಲಿ ಹೆಬ್ಬೆರಳಿನಿಂದಲೇ ಉರುಳಿಸಿ ಉರುಳಿಸಿ ತೆಗೆದೆ. ಬೆರಳಷ್ಟು ಮೆತ್ತಗಿನ, ಅದೇ ಹೊತ್ತಿಗೆ ಅಂಟಿನ ಅಂಚು ಎಲ್ಲಿದೆ ಎಂದು ತಿಳಿಸುವ ಉಪಕರಣ ಇನ್ನೊಂದಿಲ್ಲ.

ಹೆಡ್‌ಲೈಟಿನ ಅಂಚಿಗೂ ಸ್ವಲ್ಪ ಅಂಟಿತ್ತು. ಅದರ ಕವಚ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಕಟು ದ್ರವ ತಾಗಿದರೆ ಒಳಗೇ ಬಿರುಕು ಬಿಡುತ್ತದೆ. ಅಲ್ಲಿಯೂ ಕೊಬ್ಬರಿ ಎಣ್ಣೆ, ಸಾಬೂನು ನೀರು ಅಷ್ಟೇ. ಹಿಂದಿನ ಗಾಜಿಗೆ ಬ್ಲೇಡ್ ಹಾಕಬಹುದು ಅಂತ ಎಲ್ಲರೂ ಹೇಳುತ್ತಾರೆ. ಹೌದು, ಹೊರಗಡೆ ಒದ್ದೆ ಮಾಡಿಕೊಂಡು ಹಾಕಬಹುದು. ಒಳಮೈಗೆ ಬೇಡ. ಅಲ್ಲಿರುವ ಸಣ್ಣ ಕಂದು ಗೆರೆಗಳು ಗಾಜಿನ ಮಂಜು ಬಿಡಿಸುವ ಡಿಫಾಗರಿನ ತಂತಿ, ಒಂದು ಗೀರಿದರೆ ಆ ಗೆರೆ ಕೆಲಸ ಮಾಡುವುದಿಲ್ಲ. ನಮ್ಮ ಸ್ಟಿಕ್ಕರ್ ಪುಣ್ಯಕ್ಕೆ ಹೊರಗಡೆ ಇತ್ತು.

ಕೆಲಸದ ನಡುವೆ ಮಾಮನಿಗೆ ಒಂದು ಹಳೆಯ ಸಂಗತಿ ಹೇಳಿದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರು ಚಲಾವಣೆಗೆ ಬಂದಾಗ ಪೇಂಟರ್‌ಗಳು ಒಂದು ಬಣ್ಣ ಮುಚ್ಚಲು ಕಾಗದ ಅಂಟಿಸುತ್ತಿದ್ದರು. ಕಿತ್ತಾಗ ಹೊಸ ಬಣ್ಣವೂ ಎದ್ದು ಬರುತ್ತಿತ್ತು. ಸೇಂಟ್ ಪಾಲ್ ನಗರದಲ್ಲಿ ಉಪ್ಪುಕಾಗದದ ಮಾದರಿ ಹಿಡಿದು ಗ್ಯಾರೇಜಿಗೆ ಹೋಗುತ್ತಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಆ ಪೇಂಟರ್‌ಗಳ ಬೈಗುಳ ಕೇಳಿಸಿಕೊಂಡ. 1925ರಲ್ಲಿ ಅವನು ಮಾಡಿದ್ದೇ ಮಾಸ್ಕಿಂಗ್ ಟೇಪ್. ಕಾರಿನ ಬಣ್ಣದ ಮೇಲೆ ಅಂಟಿ, ಬಣ್ಣವನ್ನು ಬಿಟ್ಟು ಬರಬೇಕು ಎಂಬ ಒಂದೇ ಉದ್ದೇಶಕ್ಕೆ ಹುಟ್ಟಿದ ಟೇಪು ಅದು. ಸಿಂಗಾರದವರ ಚೀಲದಲ್ಲಿ ಯಾಕೆ ಇರುವುದಿಲ್ಲವೋ!

ಅಂಟೆಲ್ಲ ಹೋದ ಮೇಲೆ ಕಾರನ್ನು ಇನ್ನೊಮ್ಮೆ ತೊಳೆದು, ಒಣಗಿಸಿ, ಅಂಟಿದ್ದ ಜಾಗಕ್ಕೆಲ್ಲ ವ್ಯಾಕ್ಸ್ ಹಚ್ಚಿದೆ. ಎಣ್ಣೆ ಅಂಟಿನ ಜೊತೆ ಹಳೆಯ ವ್ಯಾಕ್ಸನ್ನೂ ಒಯ್ದಿರುತ್ತದೆ, ಬರಿಮೈ ಬಿಡಬಾರದು. ಬಾನೆಟ್ ಮೇಲೆ ಬೊಕೆ ಕೂತಿದ್ದ ಚೌಕದ ಗುರುತು ಓರೆಯಿಂದ ನೋಡಿದರೆ ಸ್ವಲ್ಪ ಕಾಣುತ್ತಿತ್ತು. ಉಜ್ಜಿ ಹೊಳಪು ತರುವ ಕಾಂಪೌಂಡ್ ಪೇಸ್ಟ್ ಹಾಕಿ ಮಷಿನ್ನಿನಲ್ಲಿ ಪಾಲಿಶ್ ಹೊಡೆಸೋಣವೇ ಅಂತ ಮಾಮ ಕೇಳಿದರು. ಕೈಯಲ್ಲಿ ನಯವಾದ ಪಾಲಿಶ್ ಒಂದು ಸಲ ಹಚ್ಚಿ ನಿಲ್ಲಿಸಿದೆ. ಪಾಲಿಶ್ ಅಂದರೂ ಕ್ಲಿಯರ್ ಕೋಟನ್ನು ಅಷ್ಟಿಷ್ಟು ತೆಗೆಯುವುದೇ. ಓರೆಯಿಂದ ಮಾತ್ರ ಕಾಣುವ ಗುರುತಿಗಾಗಿ ಅದನ್ನು ಖರ್ಚು ಮಾಡುವುದು ನನಗೆ ಸರಿ ಅನ್ನಿಸಲಿಲ್ಲ.

ಕಾರ್ತೀಕ ಕಳೆದ ಮೇಲೆ ಅದೇ ಮನೆಯಲ್ಲಿ ಇನ್ನೊಂದು ಮದುವೆ ಬಂತು. ಸಿಂಗಾರದ ಹುಡುಗರು ಕಂದು ಟೇಪಿನ ಉರುಳೆ ತೆಗೆಯುತ್ತಿದ್ದಂತೆ ಮಾಮ ಒಳಗಿಂದ ಮಾಸ್ಕಿಂಗ್ ಟೇಪಿನ ಉರುಳೆ ತಂದು ಕೈಗಿಟ್ಟರು. "ಇದನ್ನ ಮೊದ್ಲು ಹಚ್ರಿ, ನಿಮ್ದು ಇದರ ಮ್ಯಾಲೆ. ಎಡಬಾಗಿಲಿಗೆ ಏನೂ ಹಚ್‌ಬ್ಯಾಡ್ರಿ, ರಿಬ್ಬನ್ನು ಹ್ಯಾಂಡಲ್ಲಿಗೆ ಕಟ್ರಿ." ಬೊಕೆ, ಒತ್ತಿದರೆ ಬಾನೆಟ್ಟಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನ (ಸಕ್ಷನ್ ಕಪ್) ಹಿಡಿಕೆಯ ಮೇಲೆ ಕೂತಿತು. ಅಂದು ಸಂಜೆ, ಮದುಮಕ್ಕಳನ್ನು ಮನೆ ತುಂಬಿಸಿಕೊಂಡ ಮೇಲೆ, ಟೇಪೆಲ್ಲ ಬಿಚ್ಚಿಸಿ ಕಾರು ತೊಳೆಸಿಯೇ ಅವರು ಊಟಕ್ಕೆ ಕೂತದ್ದು.