ಆ ಒಣ ಕೊಂಬೆ ಇರಲಿ

ಫೆಬ್ರವರಿ ಮೊದಲ ವಾರ. ಲಾಲ್‌ಬಾಗಿನ ಸಿದ್ದಾಪುರ ಗೇಟಿನಿಂದ ಒಳಗೆ ಬಂದು, ದಾರಿ ಬಿಟ್ಟು ಹುಲ್ಲಿನ ಮೇಲೆ ಕೆರೆಯ ಕಡೆಗೆ ಹೊರಟಿದ್ದೆ. ತಲೆ ಮೇಲೆ ಏನೋ ಉದುರಿತು. ಕೈಯಲ್ಲಿ ಒರೆಸಿಕೊಂಡರೆ ಮರದ ಹೊಟ್ಟು!

ಕತ್ತೆತ್ತಿ ನೋಡಿದೆ. ಮಳೆಮರದ ಒಣ ಕೊಂಬೆಯ ಅಡಿಯಲ್ಲಿ ದುಂಡನೆಯ ತೂತು. ಅದರಿಂದ ಕೆಂಪು ಹಣೆಯ, ಹಳದಿ ಗಂಟಲಿನ ಪುಟ್ಟ ತಲೆ ಹೊರಗೆ ಬಂತು. ಕೊಕ್ಕಿನ ತುಂಬ ಹೊಟ್ಟು. ತಲೆ ಒಮ್ಮೆ ಒದರಿ ಎಲ್ಲವನ್ನೂ ಕೆಳಗೆ ಚೆಲ್ಲಿ ಮತ್ತೆ ಒಳಗೆ ಹೋಯಿತು. ಕಂಚುಕುಟಿಗ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬೇಸಿಗೆಯಲ್ಲಿ ಕಂಚುಗಾರರ ಅಂಗಡಿಯಿಂದ ಬರುವ ಹಾಗೆ ಟುಕ್ ಟುಕ್ ಟುಕ್ ಅಂತ ಬಿಡದೆ ಕೇಳುತ್ತದಲ್ಲ, ಅದೇ ಹಕ್ಕಿ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕೊರೆಯುತ್ತವೆ.

ಇವಕ್ಕೆ ಹಸಿ ಮರ ಕೊರೆಯುವಷ್ಟು ಗಟ್ಟಿ ಕೊಕ್ಕಿಲ್ಲ. ಒಣಗಿ ಮೆತ್ತಗಾದ ಕೊಂಬೆಯೇ ಬೇಕು. ಇವು ಬಿಟ್ಟುಹೋದ ಗೂಡು ಮಡಿವಾಳ ಹಕ್ಕಿಯಂಥ ಬೇರೆ ಹಕ್ಕಿಗಳಿಗೂ ಆಗುತ್ತದೆ. ಅವಕ್ಕೆ ತಾವೇ ಕೊರೆಯಲು ಬರುವುದಿಲ್ಲ. ನಾವು ಸತ್ತಿದೆ ಅನ್ನುವ ಕೊಂಬೆಯಲ್ಲಿ ಎಷ್ಟು ಸಂಸಾರ ನಡೆಯುತ್ತದೆ ನೋಡಿ.

ಹೋದ ವರ್ಷ ನಮ್ಮ ಬೀದಿಯ ಗುಲ್‌ಮೊಹರ್ ಮರದ ಒಣ ಕೊಂಬೆ ಕಡಿದರು. ಕೆಳಗೆ ಬಿದ್ದ ತುಂಡಿನಲ್ಲಿ ಇಂಥದ್ದೇ ತೂತಿತ್ತು. ಒಳಗೆ ಒಡೆದ ಎರಡು ಬಿಳಿ ಮೊಟ್ಟೆ. ಆ ದಿನ ನನಗೆ ಊಟ ಸೇರಲಿಲ್ಲ.

ಹಾಗಾಗಿ ಲಾಲ್‌ಬಾಗಿನಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿಯನ್ನು ಕೇಳಿಯೇಬಿಟ್ಟೆ: "ಅಣ್ಣಾ, ಆ ಕೊಂಬೆ ಕಡೀತೀರಾ?"

"ಜನ ಓಡಾಡೋ ಕಡೆ ಆದ್ರೆ ಕಡೀಲೇಬೇಕಮ್ಮ, ಯಾರ ಮೇಲಾದ್ರೂ ಬಿದ್ರೆ? ಇದು ಒಳಗಡೆ ಇದೆ. ಇರ್ಲಿ ಬಿಡಿ."

ಅವರ ಮಾತು ನನಗೆ ಸರಿ ಅನ್ನಿಸಿತು. ದಾರಿ ಮೇಲಿನದನ್ನು ತೆಗೆಯಲೇಬೇಕು. ಆದರೂ ಜನವರಿಯಿಂದ ಜೂನ್‌ವರೆಗೆ, ಗೂಡು ಕಟ್ಟುವ ಕಾಲದಲ್ಲಿ, ಗರಗಸ ಇಡುವ ಮುಂಚೆ ಐದು ನಿಮಿಷ ಕೆಳಗೆ ನಿಂತು ತೂತಿದೆಯಾ ನೋಡಬಹುದು ಅಲ್ವಾ? ಒಣ ಕೊಂಬೆ ಕಂಡರೆ ಅಂದ ಕೆಟ್ಟಿತು ಅಂತ ಸುಮ್ನೆ ಕಡಿಸುವವರಿಗೂ ಇದನ್ನೇ ಹೇಳುತ್ತೇನೆ.

ಮಾರ್ಚ್‌ನಲ್ಲಿ ಕೊರೆಯುವುದು ನಿಂತಿತು. ಒಂದು ಹಕ್ಕಿ ಬಂದರೆ ಇನ್ನೊಂದು ಹೊರಗೆ ಹಾರುತ್ತಿತ್ತು. ಕಾವು ಕೊಡುವುದೂ ಸರದಿಯಲ್ಲೇ. ಎರಡು ವಾರ ಇಷ್ಟೇ ನಡೆಯಿತು.

ಇವತ್ತು ಬೆಳಿಗ್ಗೆ ಒಂದು ಹಕ್ಕಿ ಕೊಕ್ಕಿನಲ್ಲಿ ಅರಳಿ ಹಣ್ಣು ಕಚ್ಚಿಕೊಂಡು ಬಂತು. ಒಳಗೆ ನುಗ್ಗಿತು. ಹೊರಗೆ ಬಂದಾಗ ಕೊಕ್ಕು ಖಾಲಿ.