ಕ್ಯಾಪ್ಟನ್ ಬೆಂಚಿನಲ್ಲಿ ಕೂರಬೇಕಿತ್ತಾ?

ನಾನು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನ ಅಭಿಮಾನಿ ಅಂತ ಗೊತ್ತಾದ ಕೂಡಲೇ ಫುಟ್‌ಬಾಲ್ ನೋಡುವವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಹೆಂಡರ್ಸನ್ ಮಾಡಿದ್ದು ಸರಿನಾ? ಎಂಟು ವರ್ಷ ಕ್ಯಾಪ್ಟನ್ ಆಗಿದ್ದವನು. ಆಡೋಕೆ ಅವಕಾಶ ಕಮ್ಮಿ ಆಗುತ್ತೆ ಅಂದ ತಕ್ಷಣ ಕ್ಲಬ್ ಬಿಟ್ಟು ಹೋಗೋದಾ? ಕ್ಯಾಪ್ಟನ್ ಅಂದ್ಮೇಲೆ ಬದಲಿ ಆಟಗಾರರ ಬೆಂಚಿನಲ್ಲಾದರೂ ಕೂತು ತಂಡದ ಜೊತೆ ಇರಬೇಕು ಅಲ್ವಾ?"

2023ರ ಜುಲೈನಲ್ಲಿ ಶುರುವಾದ ಈ ಪ್ರಶ್ನೆ ಇನ್ನೂ ನಿಂತಿಲ್ಲ. ಬಿಡಿಬಿಡಿಯಾಗಿ ಎಷ್ಟೋ ಜನರಿಗೆ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆಯುತ್ತಿದ್ದೇನೆ. ಅವನು ಬಿಟ್ಟು ಹೋಗಿದ್ದು ತಪ್ಪಲ್ಲ. ಅವನು ಹೋದ ಜಾಗ, ಸೌದಿ ಅರೇಬಿಯಾ, ತಪ್ಪು. ಇವು ಎರಡು ಬೇರೆ ಬೇರೆ ವಿಷಯ. ಎರಡನ್ನೂ ಕಲಸಿ ಜಗಳ ಆಡುವುದರಿಂದಲೇ ಈ ವಾದ ಮುಗಿಯುತ್ತಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜೋರ್ಡನ್ ಹೆಂಡರ್ಸನ್ 2011ರಲ್ಲಿ ಸಂಡರ್‌ಲ್ಯಾಂಡ್‌ನಿಂದ ಲಿವರ್‌ಪೂಲ್‌ಗೆ ಬಂದ. 2015ರಲ್ಲಿ ಸ್ಟೀವನ್ ಜೆರಾರ್ಡ್ ಹೋದ ಮೇಲೆ ಕ್ಯಾಪ್ಟನ್ ಆದ. 2019ರ ಜೂನ್ 1ರಂದು ಮ್ಯಾಡ್ರಿಡ್‌ನಲ್ಲಿ ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಕಪ್ ಎತ್ತಿದ. ಮೈದಾನದ ಅಂಚಿನಲ್ಲಿ ಅಪ್ಪನನ್ನು ತಬ್ಬಿಕೊಂಡು ಅತ್ತ ಆ ದೃಶ್ಯವನ್ನು ಅವತ್ತು ನೋಡಿದವರು ಯಾರೂ ಮರೆತಿಲ್ಲ. ಮರುವರ್ಷ ಲಿವರ್‌ಪೂಲ್ 30 ವರ್ಷಗಳ ನಂತರ ಇಂಗ್ಲಿಷ್ ಲೀಗ್ ಗೆದ್ದಾಗಲೂ ಕಪ್ ಎತ್ತಿದ್ದು ಇವನೇ. ಒಟ್ಟು 492 ಪಂದ್ಯ ಆಡಿದ. 2023ರಲ್ಲಿ ಅವನಿಗೆ 33 ವರ್ಷ. ಕಾಂಟ್ರಾಕ್ಟ್ ಇನ್ನೂ ಎರಡು ವರ್ಷ ಬಾಕಿ ಇತ್ತು.

ಅದರ ಹಿಂದಿನ ಸೀಸನ್‌ನಲ್ಲಿ ತಂಡ ಐದನೇ ಸ್ಥಾನಕ್ಕೆ ಇಳಿದು ಚಾಂಪಿಯನ್ಸ್ ಲೀಗ್ ಕೈತಪ್ಪಿತ್ತು. ಮಿಡ್‌ಫೀಲ್ಡ್ ಸುಸ್ತಾಗಿತ್ತು. ಅದು ನಮ್ಮೆಲ್ಲರ ಕಣ್ಣಿಗೂ ಕಾಣುತ್ತಿತ್ತು. ಮ್ಯಾನೇಜರ್ ಯರ್ಗನ್ ಕ್ಲಾಪ್‌ನ ಆಟವೇ ಹಾಗೆ. ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿಯ ಮೇಲೆ ಮುಗಿಬಿದ್ದು ಅದನ್ನು ವಾಪಸ್ ಕಸಿಯಬೇಕು. ಆ ಓಟದ ಭಾರ ಜಾಸ್ತಿ ಬೀಳುವುದು ಮಿಡ್‌ಫೀಲ್ಡ್‌ನವರ ಕಾಲಿನ ಮೇಲೆ. ಆ ಬೇಸಿಗೆಯಲ್ಲಿ ಬ್ರೈಟನ್‌ನಿಂದ ಮ್ಯಾಕ್ ಅಲಿಸ್ಟರ್, ಲೈಪ್ಜಿಗ್‌ನಿಂದ ಸೊಬೊಸ್ಲಾಯ್ ಬಂದರು. ಇಬ್ಬರೂ ಹುಡುಗರು, ಇಬ್ಬರೂ ಮಿಡ್‌ಫೀಲ್ಡ್. ಕ್ಲಾಪ್ ಹೆಂಡರ್ಸನ್‌ನನ್ನು ಕೂರಿಸಿಕೊಂಡು, ಇನ್ನು ಮುಂದೆ ಮೊದಲಿನಷ್ಟು ಆಡಲು ಸಿಗುವುದಿಲ್ಲ ಅಂತ ನೇರವಾಗಿ ಹೇಳಿದ. ಅಷ್ಟರಲ್ಲಿ ಸೌದಿಯ ಕ್ಲಬ್ ಒಂದರಿಂದ ಕರೆ ಬಂತು. "ನೀನು ಇಲ್ಲೇ ಇರು" ಅಂತ ಕ್ಲಬ್‌ನಲ್ಲಿ ಯಾರಾದರೂ ಒಬ್ಬರು ಹೇಳಿದ್ದರೂ ಹೋಗುತ್ತಿರಲಿಲ್ಲ ಎಂಬರ್ಥದ ಮಾತನ್ನು ಹೆಂಡರ್ಸನ್ ಆಮೇಲೆ ಸಂದರ್ಶನದಲ್ಲಿ ಹೇಳಿದ. ಯಾರೂ ಹೇಳಲಿಲ್ಲ.

ಬೆಂಚಿನಲ್ಲಿ ಕೂರಬೇಕಿತ್ತು ಅನ್ನುವವರಿಗೆ ನಾನು ಜೆರಾರ್ಡ್‌ನ ಕೊನೆಯ ಸೀಸನ್ ನೆನಪು ಮಾಡಿಕೊಡುತ್ತೇನೆ. 2014-15. ಕ್ಲಬ್ ಮೇಲೆ ಪೂರ್ತಿ ಗಮನ ಕೊಡಬೇಕು ಅಂತಲೇ ಅವನು ಆ ಬೇಸಿಗೆಯಲ್ಲಿ ಇಂಗ್ಲೆಂಡ್ ತಂಡದಿಂದ ನಿವೃತ್ತಿ ಆಗಿದ್ದ. ಮ್ಯಾನೇಜರ್ ಬ್ರೆಂಡನ್ ರಾಜರ್ಸ್, ನಿನ್ನ ಪಂದ್ಯಗಳನ್ನು ಇನ್ನು ಲೆಕ್ಕ ಹಾಕಿ ಆಡಿಸುತ್ತೇನೆ ಅಂದ. ನವೆಂಬರ್ 4ರಂದು ರಿಯಲ್ ಮ್ಯಾಡ್ರಿಡ್ ವಿರುದ್ಧ ಅವರದೇ ಸ್ಟೇಡಿಯಂ ಬೆರ್ನಬ್ಯೂನಲ್ಲಿ ಪಂದ್ಯ. ಹುಡುಗನಿದ್ದಾಗಿಂದ ಇಂಥ ರಾತ್ರಿಗಳಿಗಾಗಿಯೇ ಬದುಕಿದ ಆಟಗಾರ ಅವನು. ಬೆಂಚಿನಲ್ಲಿ ಕೂತಿದ್ದ. ನವೆಂಬರ್ 29ರಂದು ಲಿವರ್‌ಪೂಲ್‌ನ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ಸ್ಟೋಕ್ ಸಿಟಿ ವಿರುದ್ಧ. ಅವನು ಲಿವರ್‌ಪೂಲ್‌ಗೆ ಮೊದಲ ಪಂದ್ಯ ಆಡಿ ಅವತ್ತಿಗೆ ಸರಿಯಾಗಿ 16 ವರ್ಷ. ಅವತ್ತೂ ಬೆಂಚು. ಹೊಸ ವರ್ಷದ ಮೊದಲ ವಾರದಲ್ಲೇ, ಸೀಸನ್ ಮುಗಿದ ಮೇಲೆ ಹೋಗುತ್ತೇನೆ ಅಂತ ಪ್ರಕಟಿಸಿದ.

ಆಮೇಲೆ 2015ರ ಮಾರ್ಚ್ 22. ಆನ್‌ಫೀಲ್ಡ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್ ಬಂದಿತ್ತು. ಅವರ ವಿರುದ್ಧ ಜೆರಾರ್ಡ್‌ನ ಕೊನೆಯ ಪಂದ್ಯ ಇದೇ ಅಂತ ಎಲ್ಲರಿಗೂ ಗೊತ್ತಿತ್ತು. ಶುರುವಿನ ಹನ್ನೊಂದರಲ್ಲಿ ಅವನಿಲ್ಲ. ಮಾಟಾ ಗೋಲು ಹೊಡೆದು ಯುನೈಟೆಡ್ 1-0 ಮುಂದೆ. ಮೊದಲ 45 ನಿಮಿಷ ಜೆರಾರ್ಡ್ ಹೊರಗೆ ಕೂತು ತನ್ನ ತಂಡ ತಡವರಿಸುವುದನ್ನು ನೋಡಿದ. ಹಾಫ್ ಟೈಮ್‌ಗೆ ಲಲ್ಲಾನಾ ಬದಲು ಅವನನ್ನು ಇಳಿಸಿದರು. ಬಂದವನೇ ಒಂದು ಬಿರುಸಿನ ಟ್ಯಾಕಲ್. ಸ್ಟೇಡಿಯಂ ಎದ್ದು ಕೂಗಿತು. ಮರುಗಳಿಗೆಯಲ್ಲೇ ಆಂಡರ್ ಹೆರೆರಾ ಕಾಲು ಚಾಚಿ ಬಂದ, ಜೆರಾರ್ಡ್ ಅವನ ಕಾಲನ್ನು ಬೂಟಿನಿಂದ ತುಳಿದ. ರೆಫರಿ ಮಾರ್ಟಿನ್ ಅಟ್ಕಿನ್ಸನ್ ಕೆಂಪು ಕಾರ್ಡ್ ತೆಗೆದ. ಮೈದಾನಕ್ಕಿಳಿದು ಬರೀ 38 ಸೆಕೆಂಡ್ ಆಗಿತ್ತು. ಪಂದ್ಯ ಮುಗಿದ ಕೂಡಲೇ ಟಿವಿ ಮುಂದೆ ನಿಂತು ಎಲ್ಲರ ಕ್ಷಮೆ ಕೇಳಿದ.

ಅದು ಕೆಟ್ಟ ಫೌಲು, ಕಾರ್ಡೂ ಸರಿ. ಆದರೆ ಆ 38 ಸೆಕೆಂಡನ್ನು ನಾನು ಬರೀ ಕೋಪ ಅಂತ ನೋಡುವುದಿಲ್ಲ. 16 ವರ್ಷ ಎಲ್ಲವನ್ನೂ ತಾನೇ ಮೈಮೇಲೆ ಹಾಕಿಕೊಂಡು ಆಡಿದ ಮನುಷ್ಯ ಅವನು. 2005ರಲ್ಲಿ ಇಸ್ತಾಂಬುಲ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 3-0 ಹಿಂದಿದ್ದಾಗ ಮೊದಲ ಗೋಲು ಹೊಡೆದು ತಂಡವನ್ನು ಎಬ್ಬಿಸಿದವನು. 2006ರ ಎಫ್‌ಎ ಕಪ್ ಫೈನಲ್‌ನಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಕೊನೆ ಗಳಿಗೆಯಲ್ಲಿ ಅಷ್ಟು ದೂರದಿಂದ ಸಿಡಿಸಿ ಪಂದ್ಯ ಉಳಿಸಿದವನು. ಅಂಥವನನ್ನು ಹೊರಗೆ ಕೂರಿಸಿ ನೋಡು ಅಂದರೆ ಏನಾಗುತ್ತೆ ಅನ್ನುವುದು ಅವತ್ತು ಕಂಡಿತು. ಬದಲಿ ಆಟಗಾರನಾಗಿ ಇರುವುದೂ ಒಂದು ಕಲೆ. ಮೈ ಬಿಸಿ ಮಾಡಿಕೊಂಡು, ತಲೆ ತಣ್ಣಗಿಟ್ಟುಕೊಂಡು, ನಡೆಯುತ್ತಿರುವ ಆಟದ ವೇಗಕ್ಕೆ ಸೇರಿಕೊಳ್ಳಬೇಕು. ಕೆಲವರಿಗೆ ಅದು ಒಗ್ಗುತ್ತೆ. ಪಂದ್ಯ ಪೂರ್ತಿ ತನ್ನ ಹಿಡಿತದಲ್ಲಿಟ್ಟು ಆಡಿದವನಿಗೆ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ.

ಎಂಟು ವರ್ಷ ಆದ ಮೇಲೆ ಹೆಂಡರ್ಸನ್ ಎದುರಿಗೆ ಇದ್ದಿದ್ದೂ ಇದೇ ದಾರಿ. ಅವನು ಜೆರಾರ್ಡ್‌ನ ಪಕ್ಕದಲ್ಲೇ ಆ ಸೀಸನ್ ಪೂರ್ತಿ ಇದ್ದವನು. ಕ್ಯಾಪ್ಟನ್ ಬೆಂಚಿನಲ್ಲಿ ಕೂತರೆ ಡ್ರೆಸ್ಸಿಂಗ್ ರೂಮ್ ಹೇಗಿರುತ್ತೆ ಅಂತ ಕಣ್ಣಾರೆ ಕಂಡವನು.

ಅವನು ಕಷ್ಟ ಬಂದ ಕೂಡಲೇ ಓಡುವ ಆಸಾಮಿ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ. 2012ರ ಆಗಸ್ಟ್‌ನಲ್ಲಿ ಇದೇ ರಾಜರ್ಸ್ ಅವನನ್ನು ಕರೆದು, ಫುಲ್ಹ್ಯಾಮ್‌ಗೆ ಹೋಗುತ್ತೀಯಾ, ಬದಲಿಗೆ ಕ್ಲಿಂಟ್ ಡೆಂಪ್ಸಿ ಬರುತ್ತಾನೆ ಅಂತ ಕೇಳಿದ್ದ. ಹೆಂಡರ್ಸನ್‌ಗೆ ಆಗ 22. ಹೋಟೆಲ್ ರೂಮಿಗೆ ಹೋಗಿ ಅತ್ತಿದ್ದನ್ನು ಅವನೇ ಹೇಳಿಕೊಂಡಿದ್ದಾನೆ. ಆದರೆ ಹೋಗಲಿಲ್ಲ. ಇಲ್ಲೇ ಇದ್ದು ಜಾಗ ಗಿಟ್ಟಿಸಿಕೊಳ್ಳುತ್ತೇನೆ ಅಂದ. ತಿಂಗಳುಗಟ್ಟಲೆ ಹೊರಗೇ ಕೂತು, ಕೊನೆಗೆ ಗಿಟ್ಟಿಸಿಕೊಂಡೇಬಿಟ್ಟ. 22ಕ್ಕೆ ಬೆಂಚಿನಲ್ಲಿ ಕೂತರೆ ಮುಂದೆ ಹತ್ತು ವರ್ಷ ಇರುತ್ತೆ. 33ಕ್ಕೆ ಕೂತರೆ ಮುಂದೆ ಇರುವುದು ಒಂದೆರಡು ಸೀಸನ್. ಆ ವಯಸ್ಸಿನ ಮೈಗೆ ಪಂದ್ಯ ತಪ್ಪಿದರೆ ಮತ್ತೆ ಲಯಕ್ಕೆ ಬರಲು ಜಾಸ್ತಿ ದಿನ ಬೇಕು. ಮೇಲಾಗಿ 2024ರ ಯೂರೋ, ಅಂದರೆ ಯೂರೋಪಿನ ದೇಶಗಳ ಟೂರ್ನಿ, ಎದುರಿಗಿತ್ತು. ಕ್ಲಬ್‌ನಲ್ಲಿ ಆಡದವನನ್ನು ಇಂಗ್ಲೆಂಡ್‌ಗೆ ಯಾರು ಕರೆಯುತ್ತಾರೆ?

ದುಡ್ಡಿಗೆ ಹೋದ ಅನ್ನುತ್ತಾರೆ. ಅವನು ಅಲ್ಲ ಅಂದಿದ್ದಾನೆ. ದುಡ್ಡಿನ ಪಾಲು ಏನೂ ಇರಲಿಲ್ಲ ಅಂದರೆ ನಾನೂ ನಂಬುವುದಿಲ್ಲ. ಆದರೆ ಒಂದು ಯೋಚನೆ ಮಾಡಿ. 2025ರ ತನಕ ಕಾಂಟ್ರಾಕ್ಟ್ ಇತ್ತಲ್ಲ, ಸುಮ್ನೆ ಕೂತಿದ್ದರೂ ಲಿವರ್‌ಪೂಲ್‌ನ ಕ್ಯಾಪ್ಟನ್ ಸಂಬಳ ಬರುತ್ತಿತ್ತು. ಆಡದೆ ಸಂಬಳ ತಗೊಂಡಿದ್ದರೆ ನಾವೇ ಆರು ತಿಂಗಳಲ್ಲಿ "ಭಾರ ಆಗಿದ್ದಾನೆ, ಯಾಕೆ ಇಟ್ಟುಕೊಂಡಿದ್ದಾರೆ" ಅನ್ನುತ್ತಿದ್ದೆವು. ಇರು ಅನ್ನುವವರೂ ನಾವೇ, ಯಾಕಿದ್ದಾನೆ ಅನ್ನುವವರೂ ನಾವೇ.

ಇಲ್ಲಿಗೆ ಬಂದಾಗ ಯಾರಾದರೂ ಇಟಲಿಯ ರೋಮಾ ಕ್ಲಬ್‌ನ ಕ್ಯಾಪ್ಟನ್ ಆಗಿದ್ದ ಟೊಟ್ಟಿ ಹೆಸರು ಎತ್ತಿಯೇ ಎತ್ತುತ್ತಾರೆ. ರೋಮಾ ಬಿಟ್ಟು ಹೋಗಲಿಲ್ಲ, 40 ದಾಟುವ ತನಕ ಇದ್ದ, ಕ್ಯಾಪ್ಟನ್ ಅಂದರೆ ಹಾಗಿರಬೇಕು ಅಂತ. ಟೊಟ್ಟಿಯನ್ನು ನಾನೂ ಆರಾಧಿಸುತ್ತೇನೆ. 2016ರ ಏಪ್ರಿಲ್‌ನಲ್ಲಿ ಟೊರಿನೋ ವಿರುದ್ಧ 1-2 ಹಿಂದಿದ್ದಾಗ ಕೊನೆಯ ನಿಮಿಷಗಳಲ್ಲಿ ಇಳಿದು ಎರಡು ಗೋಲು ಹೊಡೆದು 3-2 ಮಾಡಿದನಲ್ಲ, ಅದು ಕಥೆ ಕಟ್ಟಿದರೂ ಯಾರೂ ನಂಬದಂಥ ರಾತ್ರಿ. ಆದರೆ ಅದಕ್ಕೆ ಎರಡು ತಿಂಗಳ ಹಿಂದೆ ಏನಾಗಿತ್ತು? ಆಡಿಸುತ್ತಿಲ್ಲ, ಗೌರವ ಕೊಡುತ್ತಿಲ್ಲ ಅಂತ ಟಿವಿಯಲ್ಲಿ ಬೇಸರ ತೋಡಿಕೊಂಡಿದ್ದಕ್ಕೆ ಮ್ಯಾನೇಜರ್ ಸ್ಪಲೆಟ್ಟಿ ಅವನನ್ನು ಪಲೆರ್ಮೊ ಪಂದ್ಯಕ್ಕೆ ಮುಂಚೆ ಕ್ಯಾಂಪ್‌ನಿಂದ ಮನೆಗೆ ಕಳಿಸಿದ್ದ. ಊರು ಎರಡು ಪಾಲಾಯಿತು. ಟೊಟ್ಟಿಯ ಕೊನೆ ಪಂದ್ಯದ ದಿನ, 2017ರ ಮೇ 28ರಂದು, ರೋಮಾದ ಸ್ಟೇಡಿಯಂ ಒಲಿಂಪಿಕೋದಲ್ಲಿ ಜನ ಅವನಿಗೆ ಕಣ್ಣೀರು ಹಾಕಿದರು, ಸ್ಪಲೆಟ್ಟಿಗೆ ಸಿಳ್ಳೆ ಹೊಡೆದು ಛೀಮಾರಿ ಹಾಕಿದರು. ಉಳಿದುಕೊಂಡರೆ ಎಲ್ಲ ಚೆನ್ನಾಗಿರುತ್ತೆ ಅನ್ನುವುದು ಸುಳ್ಳು. ಅಭಿಮಾನಿಗಳ ಪ್ರೀತಿ ಪೂರ್ತಿ ಬೆಂಚಿನ ಕಡೆಗಿದ್ದರೆ, ಮೈದಾನದಲ್ಲಿ ಆಡುತ್ತಿರುವ ಹುಡುಗನ ಗತಿ ಏನು?

ಬೆಂಗಳೂರಿನವರು ನನಗೆ ಕೊಡುವ ಉದಾಹರಣೆ ಸುನೀಲ್ ಛೆಟ್ರಿ. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ, ಯಾಕಂದರೆ ಉದಾಹರಣೆ ನಿಜಕ್ಕೂ ಗಟ್ಟಿಯಾಗಿದೆ. ಬೆಂಗಳೂರು ಎಫ್‌ಸಿ ಹುಟ್ಟಿದ 2013ರಿಂದ ಆ ಕ್ಲಬ್‌ನ ಮುಖವೇ ಛೆಟ್ರಿ. 2022-23ರಲ್ಲಿ ಕೋಚ್ ಸೈಮನ್ ಗ್ರೇಸನ್ ಎಷ್ಟೋ ಪಂದ್ಯಗಳಲ್ಲಿ ಅವನನ್ನು ಹೊರಗೆ ಕೂರಿಸಿದ. ಕಂಠೀರವದಲ್ಲಿ ಬೇಸರ ಇತ್ತು. ಛೆಟ್ರಿ ಗಲಾಟೆ ಮಾಡಲಿಲ್ಲ. ಆ ಸೀಸನ್‌ನ ಸೆಮಿಫೈನಲ್‌ನಲ್ಲಿ ಮುಂಬೈನಲ್ಲೇ ಮುಂಬೈ ಸಿಟಿ ವಿರುದ್ಧ ಬದಲಿಯಾಗಿ ಇಳಿದು ಹೆಡರ್‌ನಲ್ಲಿ ಗೋಲು ಹೊಡೆದ, ತಂಡ 1-0 ಗೆದ್ದಿತು. 2025ರ ಏಪ್ರಿಲ್‌ನಲ್ಲಿ ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲೂ ಅಷ್ಟೇ, ಬದಲಿಯಾಗಿ ಬಂದು 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮ್‌ನಲ್ಲಿ ತಲೆ ಕೊಟ್ಟು ಬೆಂಗಳೂರನ್ನು ಫೈನಲ್‌ಗೆ ಕಳಿಸಿದ. ಆದರೆ ಒಂದು ವ್ಯತ್ಯಾಸ ಇದೆ. ಛೆಟ್ರಿ ಫಾರ್ವರ್ಡ್. ಫಾರ್ವರ್ಡ್‌ಗೆ ಕೊನೆಯ 20 ನಿಮಿಷ ಸಿಕ್ಕರೂ ಸಾಕು, ಒಂದು ಚೆಂಡು ತಲೆಗೆ ಸಿಕ್ಕರೆ ಪಂದ್ಯ ತಿರುಗುತ್ತೆ. ಹೆಂಡರ್ಸನ್‌ನ ಕೆಲಸ ಅದಲ್ಲ. 90 ನಿಮಿಷ ಓಡುವುದು, ಕೂಗಿ ಕೂಗಿ ಉಳಿದವರನ್ನು ಜಾಗಕ್ಕೆ ತರುವುದು, ಹಿಂದಿನವರಿಗೂ ಮುಂದಿನವರಿಗೂ ಕೊಂಡಿಯಾಗುವುದು. ಅದನ್ನು ಬೆಂಚಿನಿಂದ ಮಾಡಲು ಬರುವುದಿಲ್ಲ.

ಈಗ ಅವನು ಹೋದ ಜಾಗ. ಸೌದಿಯ ದಮ್ಮಾಮ್‌ನ ಅಲ್ ಇತ್ತಿಫಾಕ್. ಅಲ್ಲಿ ಮ್ಯಾನೇಜರ್ ಆಗಿದ್ದವನು ಬೇರೆ ಯಾರೂ ಅಲ್ಲ, ಜೆರಾರ್ಡ್. ಅದರ ಸೆಳೆತ ನನಗೆ ಅರ್ಥ ಆಗುತ್ತೆ. ಆದರೆ ಹೆಂಡರ್ಸನ್ ಬರೀ ಫುಟ್‌ಬಾಲ್ ಆಡಿದವನಲ್ಲ. ಸಲಿಂಗಿಗಳ ಪರವಾಗಿ ಬಾಯಿಬಿಟ್ಟು ಮಾತಾಡಿದ, ಕಾಮನಬಿಲ್ಲಿನ ಬಣ್ಣದ ತೋಳಪಟ್ಟಿ ಕಟ್ಟಿದ ಕ್ಯಾಪ್ಟನ್. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಅಷ್ಟು ದೊಡ್ಡ ಆಟಗಾರರು ಅಷ್ಟು ಸ್ಪಷ್ಟವಾಗಿ ನಿಂತಿದ್ದು ಕಡಿಮೆ. ಅವನ ಮಾತು ನಂಬಿ ಸ್ಟೇಡಿಯಂಗೆ ಧೈರ್ಯವಾಗಿ ಬಂದವರಿದ್ದರು. ಸಲಿಂಗ ಸಂಬಂಧ ಅಪರಾಧವಾಗಿರುವ ದೇಶಕ್ಕೆ ಅವನು ಹೋದ. ಹೊಸ ಕ್ಲಬ್ ಅವನನ್ನು ಸ್ವಾಗತಿಸಿ ಹಾಕಿದ ವಿಡಿಯೋದಲ್ಲಿ ಆ ತೋಳಪಟ್ಟಿ ಬೂದು ಬಣ್ಣದ್ದಾಗಿತ್ತು. ಕಾಮನಬಿಲ್ಲು ಕಾಣದ ಹಾಗೆ ಬಣ್ಣ ತೆಗೆದಿದ್ದರು. ಅದನ್ನು ನೋಡಿದಾಗ ಆ ಅಭಿಮಾನಿಗಳಿಗೆ ಆದ ನೋವು ನಿಜವಾದದ್ದು. ಅದಕ್ಕೆ "ಆಟಗಾರನಿಗೂ ಬದುಕಿದೆ" ಅನ್ನುವ ಉತ್ತರ ಸಾಲದು. ಕ್ಷಮೆ ಕೇಳಿದ್ದಾನೆ, ನೋಯಿಸುವ ಉದ್ದೇಶ ಇರಲಿಲ್ಲ ಅಂದಿದ್ದಾನೆ. ಆರು ತಿಂಗಳಲ್ಲಿ ಅಲ್ಲಿಂದ ಹೊರಟು ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್ ಸೇರಿದ. ಯೂರೋ ತಂಡದಲ್ಲೂ ಜಾಗ ಸಿಗಲಿಲ್ಲ. ಅದನ್ನು ನೋಡಿ ಖುಷಿ ಪಟ್ಟವರಿದ್ದಾರೆ. ನನಗೆ ಖುಷಿ ಆಗಲಿಲ್ಲ, ಮೊದಲೇ ಬ್ರೈಟನ್‌ಗೋ ಸಂಡರ್‌ಲ್ಯಾಂಡ್‌ಗೋ ಹೋಗಬಾರದಿತ್ತಾ ಅನ್ನಿಸಿತು. ಅದೇ ಬೇಸಿಗೆಯಲ್ಲಿ ಬ್ರೈಟನ್‌ಗೆ ಹೋದ ಜೇಮ್ಸ್ ಮಿಲ್ನರ್‌ನನ್ನು ಯಾರೂ ಒಂದು ಮಾತೂ ಅನ್ನಲಿಲ್ಲ ನೋಡಿ. ಜನಕ್ಕೆ ಸಿಟ್ಟು ಬಂದಿದ್ದು ಹೋಗಿದ್ದಕ್ಕಲ್ಲ.

ಇನ್ನು ಕ್ಲಬ್‌ನ ಪಾಲು. ನಿಜ ಹೇಳಿದ್ದಕ್ಕೆ ಕ್ಲಾಪ್‌ನನ್ನು ನಾನು ದೂರುವುದಿಲ್ಲ. ಆಡಿಸುತ್ತೇನೆ ಅಂತ ಆಸೆ ತೋರಿಸಿ ಕೂರಿಸುವುದಕ್ಕಿಂತ ಅದು ಎಷ್ಟೋ ಮೇಲು. ನನ್ನ ತಕರಾರು ಹೊತ್ತಿನ ಬಗ್ಗೆ. 2014ರ ಬೇಸಿಗೆಯಲ್ಲೇ ಹೊಸ ಕಾಂಟ್ರಾಕ್ಟ್ ಮುಂದಿಟ್ಟಿದ್ದರೆ ಸಹಿ ಹಾಕುತ್ತಿದ್ದೆ ಅಂತ ಜೆರಾರ್ಡ್ 2015ರಲ್ಲೇ ಹೇಳಿದ್ದ. ಅದು ಬಂದಾಗ ತಡವಾಗಿತ್ತು. ಹಾಗಿದ್ದರೂ ಜೆರಾರ್ಡ್‌ಗೆ ಮೇ 16ರಂದು ಆನ್‌ಫೀಲ್ಡ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಒಂದು ವಿದಾಯದ ಪಂದ್ಯ ಸಿಕ್ಕಿತು. 3-1 ಸೋತರೂ ಜನ ಕೂತಲ್ಲಿಂದ ಏಳಲಿಲ್ಲ, ಅವನು ಮಕ್ಕಳ ಜೊತೆ ಮೈದಾನ ಸುತ್ತಿದ. ಹೆಂಡರ್ಸನ್‌ಗೆ ಅದೂ ಸಿಗಲಿಲ್ಲ. ಸೀಸನ್‌ಗೆ ಮುಂಚಿನ ಕ್ಯಾಂಪ್ ನಡೆಯುತ್ತಿರುವಾಗಲೇ ಮಾತುಕತೆ ಮುಗಿದು, ವಿಡಿಯೋದಲ್ಲಿ ಬೈ ಹೇಳಿ ಹೊರಟ. 12 ವರ್ಷ ಇದ್ದವನು.

ಈಗ ಕ್ಯಾಪ್ಟನ್ ವರ್ಜಿಲ್ ವ್ಯಾನ್ ಡೈಕ್. ಹುಟ್ಟಿದ್ದು 1991ರಲ್ಲಿ. 2025ರಲ್ಲಿ ಸಹಿ ಹಾಕಿದ ಕಾಂಟ್ರಾಕ್ಟ್ 2027ರ ತನಕ. ಇದೇ ಪ್ರಶ್ನೆ ಅವನ ಬಗ್ಗೆಯೂ ಬರುತ್ತೆ. ಆಡಿಸುವುದು ಕಮ್ಮಿ ಮಾಡುತ್ತೇವೆ ಅನ್ನುವುದಿದ್ದರೆ ಕ್ಲಬ್‌ನವರು ಮಾರ್ಚ್‌ನಲ್ಲೇ ಹೇಳಿಬಿಡಲಿ, ಜುಲೈ ತನಕ ಎಳೆಯುವುದು ಬೇಡ. ಅವನು ಯೋಚನೆ ಮಾಡಲಿ. ಇರುತ್ತೇನೆ ಅಂದರೆ ಬೆಂಚಿನಲ್ಲಿದ್ದರೂ ನಾವು ಗೊಣಗುವುದು ಬೇಡ. ಹೋಗುತ್ತೇನೆ ಅಂದರೆ ಆನ್‌ಫೀಲ್ಡ್‌ನ ಕೊನೆಯ ಪಂದ್ಯ ಯಾವುದು ಅಂತ ಮೊದಲೇ ಗೊತ್ತಿರಲಿ, ಟಿಕೆಟ್ ಇರುವವರು ಹೋಗಲಿ, ನಾವು ಇಲ್ಲಿ ರಾತ್ರಿ ಎದ್ದಿರುತ್ತೇವೆ.