ಸಹಿ ಹಾಕುವ ಮುನ್ನ ಮನೆಯನ್ನು ಕೊನೆಯ ಬಾರಿ ನೋಡುವಾಗ

ನಮ್ಮೂರಿನಲ್ಲಿ ಮನೆ ಕೊಳ್ಳುವವರ ನಿದ್ದೆ ಕೆಡಿಸುವುದು ಕಾಗದಪತ್ರ. ಮೂಲಪತ್ರ, ಖಾತೆ, ಋಣಭಾರ ಪತ್ರ ಎಲ್ಲವನ್ನೂ ವಕೀಲರಿಗೆ ತೋರಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದ ಮೇಲೆಯೇ ನೆಮ್ಮದಿ. ನಾನಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಆ ಚಿಂತೆಯ ಬಹುಪಾಲನ್ನು ಮಾಲೀಕತ್ವದ ದಾಖಲೆಗಳನ್ನು ಜಾಲಾಡುವ ಟೈಟಲ್ ಕಂಪನಿಯ ಶೋಧನೆಯೂ, ಮಾಲೀಕತ್ವದ ದೋಷದಿಂದಾಗುವ ನಷ್ಟಕ್ಕೆ ವಿಮೆಯಾದ ಟೈಟಲ್ ಇನ್ಶೂರೆನ್ಸೂ ಹೊತ್ತುಕೊಳ್ಳುತ್ತವೆ. ಕೊಳ್ಳುವವರು ಸ್ವತಃ ಕಣ್ಣಿಟ್ಟು ನೋಡಬೇಕಾದದ್ದು ಮನೆಯ ಸ್ಥಿತಿಯನ್ನು. ಸಹಿ ಹಾಕಿ, ಹಣ ಕೊಟ್ಟು, ಕೀಲಿಕೈ ಪಡೆಯುವ ಕ್ಲೋಸಿಂಗ್‌ಗೆ ಮುಂಚಿನ 24 ಗಂಟೆಗಳ ಒಳಗೆ, ಎಷ್ಟೋ ಸಲ ಅದೇ ದಿನ ಬೆಳಿಗ್ಗೆ, ಏಜೆಂಟರ ಜೊತೆ ಹೋಗಿ ಅದನ್ನು ನೋಡುವ ಕೊನೆಯ ಅವಕಾಶಕ್ಕೆ ಇಲ್ಲಿ ಫೈನಲ್ ವಾಕ್‌ಥ್ರೂ ಎನ್ನುತ್ತಾರೆ.

ಇಲ್ಲಿ ಮೊದಲ ಮನೆ ಕೊಳ್ಳುವ ನಮ್ಮವರಲ್ಲಿ ಅನೇಕರು ಈ ಭೇಟಿಯನ್ನು ಸಂಭ್ರಮದ ಗಳಿಗೆಯೆಂದೇ ಭಾವಿಸುತ್ತಾರೆ. ಯಾವ ಕೋಣೆ ಯಾರಿಗೆಂದು ಮಕ್ಕಳ ಜಗಳ, ಊರಿನಲ್ಲಿರುವ ಅಪ್ಪ ಅಮ್ಮನಿಗೆ ವಿಡಿಯೋ ಕರೆ, ದೇವರ ಮಂಟಪ ಯಾವ ಮೂಲೆಗೆ ಎಂಬ ಚರ್ಚೆ, ಇವೆಲ್ಲ ಸಹಜ. ಆದರೆ ಅದಕ್ಕೆ ಗೃಹಪ್ರವೇಶದ ದಿನವಿದೆ. ಈ ಹೊತ್ತಿನಲ್ಲಿ ಕೊಳ್ಳುವವರ ಮಾತಿಗೆ ಇರುವ ತೂಕ ಸಹಿ ಬಿದ್ದ ಮೇಲೆ ಇರುವುದಿಲ್ಲ. ಆಮೇಲೆ ಕಂಡ ಕೊರತೆಗೆ ಮಾರಿದವರನ್ನು ಹೊಣೆಯಾಗಿಸಲು ಹೊರಟರೆ ವಕೀಲರ ಖರ್ಚೇ ದುರಸ್ತಿಯ ಖರ್ಚನ್ನು ಮೀರಬಹುದು.

ಕರಾರಿನ ನಂತರ ತಜ್ಞರು ಮಾಡುವ ಹೋಮ್ ಇನ್‌ಸ್ಪೆಕ್ಷನ್ ಬೇರೆ, ಇದು ಬೇರೆ. ಅಂದು ಒಪ್ಪಿಕೊಂಡ ದುರಸ್ತಿ ನಡೆದಿದೆಯೇ, ಕರಾರಿನಲ್ಲಿ ಸೇರಿಸಿದ ಫ್ರಿಜ್, ವಾಷರ್, ದೀಪಗಳು ಅಲ್ಲಿಯೇ ಇವೆಯೇ, ಮನೆ ಖಾಲಿಯಾಗಿ ಗುಡಿಸಿದಂತಿದೆಯೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಆದ್ದರಿಂದ ಕರಾರಿನ ಪ್ರತಿಯನ್ನೂ ಇನ್‌ಸ್ಪೆಕ್ಷನ್ ವರದಿಯನ್ನೂ ಕೈಯಲ್ಲಿ ಹಿಡಿದೇ ಒಳಗೆ ಹೋಗಬೇಕು. ದುರಸ್ತಿ ಮಾಡಿಸಿದ್ದೇವೆ ಎಂಬ ಮಾತಿನ ಜೊತೆಗೆ ಪ್ಲಂಬರ್ ಅಥವಾ ಎಲೆಕ್ಟ್ರಿಷಿಯನ್ ಕೊಟ್ಟ ರಸೀದಿಯನ್ನೂ ಕೇಳಬೇಕು. ಹಾಗೆ ಕೇಳುವುದು ಇಲ್ಲಿ ಅವಿಶ್ವಾಸವೆನಿಸುವುದಿಲ್ಲ, ಸಂಕೋಚ ಬೇಡ.

ಸಾಮಾನು ತೆರವಾದ ಮನೆ ಹಿಂದೆ ಕಾಣದಿದ್ದದ್ದನ್ನು ತೋರಿಸುತ್ತದೆ, ಮಾರುವವರು ಪೂರ್ತಿ ಖಾಲಿ ಮಾಡಿದ ಮೇಲೆಯೇ ಹೋಗಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ನಾವು ಕೊಂಡ ಮನೆಯ ಬೇಸ್‌ಮೆಂಟಿನಲ್ಲಿ, ಮೊದಲು ದೊಡ್ಡ ಪುಸ್ತಕದ ಕಪಾಟು ನಿಂತಿದ್ದ ಜಾಗದಲ್ಲಿ, ಗೋಡೆಯ ಬುಡದುದ್ದಕ್ಕೂ ಬಿಳಿಯ ಉಪ್ಪು ಗೆರೆಕಟ್ಟಿತ್ತು. ಕಾಂಕ್ರೀಟಿನ ಮೂಲಕ ತೇವ ಒಳಬಂದು ಆರಿದಾಗ ಉಳಿಯುವ ಗುರುತು ಅದು. ಹತ್ತಿರದಲ್ಲೇ ಸಂಪ್ ಪಂಪಿನ ಗುಂಡಿಯಿತ್ತು. ಮಳೆಗಾಲದಲ್ಲೂ ಹಿಮ ಕರಗುವಾಗಲೂ ತಳಪಾಯದ ಸುತ್ತ ಸೇರುವ ನೀರು ಅದರೊಳಗೆ ಬಂದು ನಿಲ್ಲುತ್ತದೆ, ಪಂಪು ಅದನ್ನು ಹೊರಗೆ ಹಾಕುತ್ತದೆ. ಬಕೆಟ್ಟಿನಲ್ಲಿ ನೀರು ತಂದು ಗುಂಡಿಗೆ ಸುರಿದೆವು. ತೇಲುಬುರುಡೆ ಮೇಲೆದ್ದಿತು, ಮೋಟಾರು ಗುಂಯ್ ಎಂದಿತು, ನೀರಿನ ಮಟ್ಟ ಮಾತ್ರ ಇಳಿಯಲಿಲ್ಲ. ಪಂಪಿಗೆ ವಿದ್ಯುತ್ ಇದೆ ಎಂದಷ್ಟೇ ನೋಡಿ ಬಂದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಉಳಿದದ್ದು ತಾಳ್ಮೆಯ ಕೆಲಸ. ಪ್ರತಿ ನಲ್ಲಿಯಲ್ಲೂ ಬಿಸಿನೀರು ಬರುವವರೆಗೆ ಕಾದು, ಸಿಂಕಿನ ಕೆಳಗೆ ಕೈಯಾಡಿಸಿ ತೇವ ನೋಡಬೇಕು; ಡಿಶ್‌ವಾಷರನ್ನು ಬಂದ ಕೂಡಲೇ ಹಾಕಿಬಿಟ್ಟರೆ ಹೊರಡುವ ಹೊತ್ತಿಗೆ ಅದರ ಸ್ಥಿತಿ ತಿಳಿಯುತ್ತದೆ. ಚಳಿಗಾಲದಲ್ಲೂ ಬೇಸಿಗೆಯಲ್ಲೂ ಹೀಟರ್ ಪರೀಕ್ಷಿಸಬಹುದು, ಆದರೆ ಹೊರಗಿನ ತಾಪ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದಾಗ ಎಸಿ ಓಡಿಸಿದರೆ ಕಂಪ್ರೆಸರ್ ಕೆಡುವ ಸಂಭವವಿದೆ. ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳು ಹಾಗೂ ಅಗ್ನಿಶಾಮಕ ಸಿಲಿಂಡರ್ ನಿಯಮದಂತಿವೆ ಎಂಬ ಪ್ರಮಾಣಪತ್ರ ನ್ಯೂಜೆರ್ಸಿಯಲ್ಲಿ ಮನೆ ಕೈಬದಲಾಗುವಾಗ ಬೇಕೇಬೇಕು. ಅದು ಬಂದಿದೆಯೇ ಎಂದು ವಕೀಲರನ್ನು ಕೇಳಿಡುವುದು ಒಳ್ಳೆಯದು.

ಕೊರತೆ ಕಂಡರೆ ಕೂಡಲೇ ಫೋಟೋ, ವಿಡಿಯೋ ತೆಗೆದು, ಮನೆಯಿಂದ ಹೊರಬೀಳುವ ಮುನ್ನವೇ ವಕೀಲರಿಗೆ ಕಳಿಸಬೇಕು. ನಮ್ಮ ವಕೀಲರು ಪಂಪು ಬದಲಿಸುವ ಮತ್ತು ಗೋಡೆಗೆ ನೀರುತಡೆ ಮಾಡಿಸುವ ಅಂದಾಜು ವೆಚ್ಚವನ್ನು ಮಾರುವವರಿಗೆ ಸಲ್ಲುವ ಹಣದಿಂದ ಎಸ್ಕ್ರೋದಲ್ಲಿ, ಅಂದರೆ ಒಪ್ಪಿದ ಷರತ್ತು ಪೂರೈಸುವವರೆಗೆ ಹಣವನ್ನು ಬೇರೆಯಾಗಿ ಇಡುವ ಖಾತೆಯಲ್ಲಿ, ತಡೆಹಿಡಿಯಬೇಕೆಂದು ಕೇಳಿದರು, ಅವರ ಕಡೆಯವರು ಒಪ್ಪಿದರು, ಮತ್ತು ಆ ಒಪ್ಪಂದ ಬರವಣಿಗೆಯಲ್ಲಿ ಬಂದ ನಂತರವೇ ನಾವು ಸಹಿ ಹಾಕಿದೆವು. ಬೆಲೆಯಲ್ಲಿ ರಿಯಾಯಿತಿ ಪಡೆಯಬಹುದು, ಕ್ಲೋಸಿಂಗ್ ಮುಂದೂಡಲೂಬಹುದು. ಆದರೆ ಸಾಲದ ಬಡ್ಡಿದರವನ್ನು ಕಾಯ್ದಿರಿಸಿದ ಅವಧಿ ಮುಗಿಯುತ್ತಿದ್ದರೆ ಮುಂದೂಡುವುದು ದುಬಾರಿಯಾಗುತ್ತದೆ.

ಮಾರಿದವರು ಕ್ಲೋಸಿಂಗ್ ನಂತರವೂ ಕೆಲವು ದಿನ ಅದೇ ಮನೆಯಲ್ಲಿರುತ್ತೇವೆ ಎಂದು ಕೇಳುವುದೂ ಉಂಟು. ಹಾಗಿದ್ದರೆ ಅವರು ಹೋದ ಮೇಲೆ ಮತ್ತೊಮ್ಮೆ ನೋಡುವ ಹಕ್ಕನ್ನೂ, ಅಲ್ಲಿಯವರೆಗೆ ಎಸ್ಕ್ರೋದಲ್ಲಿ ಉಳಿಯಬೇಕಾದ ಮೊತ್ತವನ್ನೂ ಒಪ್ಪಂದದಲ್ಲಿ ಬರೆಸಿಕೊಂಡೇ ಮುಂದುವರಿಯಬೇಕು.